ಕುರ್ಚಿ ಎಣಿಸುವವರು ಬಾಗಿಲು ಎಣಿಸಲಿ

ಒಂದು ಸಣ್ಣ ಹೋಟೆಲಿನಲ್ಲಿ ಒಂದೇ ಸಲಕ್ಕೆ ಎಷ್ಟು ಜನ ಕೂತು ತಿನ್ನಬಹುದು? ಕೇಳುವುದಕ್ಕೆ ಇದು ಮೂರನೆಯ ತರಗತಿಯ ಹುಡುಗನ ಲೆಕ್ಕ. ಆದರೆ ಇದನ್ನು ಬಿಡಿಸಲು ನಗರಸಭೆಯ ಆರೋಗ್ಯ ಶಾಖೆ, ನಗರಾಭಿವೃದ್ಧಿ ಪ್ರಾಧಿಕಾರ, ಅಗ್ನಿಶಾಮಕ ದಳ, ಪೋಲೀಸ್ ಠಾಣೆ ಇವಿಷ್ಟೂ ಒಟ್ಟಿಗೆ ಕೂತರೂ ಉತ್ತರ ಸರಿಬರುವುದಿಲ್ಲ. ಯಾಕೆಂದರೆ ಒಬ್ಬೊಬ್ಬರು ಎಣಿಸುವುದು ಒಂದೊಂದನ್ನು. ಒಬ್ಬರಿಗೆ ಕುರ್ಚಿಯ ಲೆಕ್ಕ ಬೇಕು, ಇನ್ನೊಬ್ಬರಿಗೆ ಚದರಡಿ, ಮತ್ತೊಬ್ಬರಿಗೆ ಕಾರು ನಿಲ್ಲಿಸುವ ಜಾಗ. ಬೆಂಕಿ ಬಿದ್ದಾಗ ಜನ ಓಡಿ ಪಾರಾಗಬೇಕಾದ ಬಾಗಿಲನ್ನೂ, ಒಲೆಯ ಮುಂದೆ ಹಗಲೆಲ್ಲ ಬೇಯುವ ಕೆಲಸಗಾರನನ್ನೂ ಎಣಿಸುವವರು ಅಪರೂಪ. ನಮ್ಮ ತಕರಾರು ಇರುವುದೇ ಇಲ್ಲಿ.

ಮೊದಲೇ ಹೇಳಿಬಿಡೋಣ: ಮಿತಿಯೇ ಬೇಡ ಎನ್ನುವವರ ಗುಂಪಿಗೆ ನಾವು ಸೇರಿದವರಲ್ಲ. "ನನ್ನ ಅಂಗಡಿ, ನನ್ನ ಬೆಂಚು, ನೂರು ಜನರನ್ನು ಬೇಕಾದರೂ ಕೂರಿಸಿಕೊಳ್ಳುತ್ತೇನೆ, ಕೇಳುವುದಕ್ಕೆ ನೀವು ಯಾರು?" ಎಂಬ ಮಾತು ಸಣ್ಣ ವ್ಯಾಪಾರಿಯ ಬಾಯಿಂದ ಬಂದರೂ ಅದು ಗಿರಣಿ ಧಣಿಯ ಮಾತೇ. ನನ್ನ ಗಿರಣಿ, ನನ್ನ ಬಾಯ್ಲರು ಎಂದು ಆತನೂ ಹೀಗೆಯೇ ಹೇಳುತ್ತಿದ್ದ. ಆ ಬಾಯಿಗೆ ಬೀಗ ಹಾಕಲೆಂದೇ 1948ರಲ್ಲಿ ಕಾರ್ಖಾನೆ ಕಾಯ್ದೆ ಬಂತು. ಜನ ಸೇರುವ ಜಾಗದಲ್ಲಿ ಎಷ್ಟು ಜನ ಎಂಬುದಕ್ಕೆ ಕಟ್ಟುಪಾಡು ಇರಲೇಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದಿಲ್ಲಿಯ ಉಪಹಾರ್ ಚಿತ್ರಮಂದಿರವನ್ನು ನೆನೆಯಿರಿ.

1976ರಲ್ಲಿ ದಿಲ್ಲಿಯ ಆಡಳಿತ ಅಲ್ಲಿನ ಚಿತ್ರಮಂದಿರಗಳಿಗೆ ಹೆಚ್ಚುವರಿ ಆಸನ ಹಾಕಿಕೊಳ್ಳಲು ಅನುಮತಿ ಕೊಟ್ಟಿತು. 1979ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಮಾಲೀಕರು ಸುಮ್ಮನಿರುತ್ತಾರೆಯೇ? ಹೈಕೋರ್ಟಿಗೆ ಹೋದರು, ವಕೀಲರನ್ನಿಟ್ಟರು, ಆಸನಗಳಲ್ಲಿ ಒಂದಷ್ಟನ್ನು ಉಳಿಸಿಕೊಂಡರು. ಇದರ ನಡುವೆ ಉಪಹಾರ್‌ನ ಬಾಲ್ಕನಿಯಲ್ಲಿ 8 ಆಸನಗಳ ಒಂದು ಖಾಸಗಿ ಬಾಕ್ಸು ಎದ್ದು ನಿಂತು, ಬಲಗಡೆಯ ಹೊರದಾರಿಯೇ ಮುಚ್ಚಿಹೋಯಿತು. 1997ರ ಜೂನ್ 13ರಂದು ಕೆಳಗಡೆಯ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಹತ್ತಿ ಹೊಗೆ ಮೇಲಕ್ಕೇರಿದಾಗ ಬಾಲ್ಕನಿಯ ಜನರಿಗೆ ದಾರಿ ಸಿಗಲಿಲ್ಲ. 59 ಜನ ಸತ್ತರು. ಆಸನ ಹೆಚ್ಚಿಸಲು ಅರ್ಜಿ ಕೊಟ್ಟವರಿಗೆ ಕೋರ್ಟಿನ ಬಾಗಿಲು ತೆರೆದಿತ್ತು. ಟಿಕೆಟು ಕೊಂಡು ಕೂತವರಿಗೆ ಬಾಲ್ಕನಿಯ ಬಾಗಿಲು ತೆರೆದಿರಲಿಲ್ಲ.

ಅದು ಸಿನೆಮಾದ ಮಾತಾಯಿತು, ಹೋಟೆಲಿಗೆ ಬರೋಣ. ಮುಂಬಯಿಯ ಲೋವರ್ ಪರೇಲಿನ ಕಮಲಾ ಮಿಲ್ಲಿನ ಹೆಸರನ್ನು ನಮ್ಮ ಗಿರಣಿ ಬಂಧುಗಳು ಕೇಳಿರಬೇಕು. ಮುಂಬಯಿಯ ಗಿರಣಿಗಳ ಕತೆ 1982ರ ಜನವರಿಯ ಮುಷ್ಕರದ ನಂತರ ಏನಾಯಿತೆಂದು ಇಲ್ಲಿ ಬರೆಯಬೇಕಾಗಿಲ್ಲ. ಮಗ್ಗಗಳ ಸದ್ದು ನಿಂತಿತು, ಚಿಮಣಿಯ ಬುಡದಲ್ಲಿ ಗಾಜಿನ ಕಟ್ಟಡಗಳು ಎದ್ದವು. 1991ರ ನಿಯಮದ ಪ್ರಕಾರ ಗಿರಣಿ ಜಮೀನಿನಲ್ಲಿ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಇನ್ನೊಂದು ಪಾಲು ಜನರ ವಸತಿಗೆ ಸಿಗಬೇಕಾಗಿತ್ತು. 2001ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ತಂದು, ಈ ಲೆಕ್ಕ ಖಾಲಿ ಬಿದ್ದ ಜಾಗಕ್ಕೆ ಮಾತ್ರ ಎಂದರು. ಪಾಲು ಕರಗಿತು. ಇಂಥ ಒಂದು ಗಿರಣಿಯ ಆವರಣದಲ್ಲಿ, ಮಾಳಿಗೆಯ ಮೇಲೆ ಚಪ್ಪರ ಹಾಕಿ ನಡೆಸುತ್ತಿದ್ದ ಪಾನಗೃಹಗಳಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಬೆಂಕಿ ಹತ್ತಿ 14 ಜನ ತೀರಿಕೊಂಡರು. ಹೊರಗೆ ಹೋಗುವ ದಾರಿ ಕಾಣದೆ ಶೌಚಾಲಯದ ಕಡೆಗೆ ಓಡಿದವರು ಅಲ್ಲೇ ಉಸಿರುಕಟ್ಟಿ ಸತ್ತರು. ಮಾರನೆಯ ದಿನವೇ ಮುನಿಸಿಪಾಲಿಟಿಯ ಯಂತ್ರಗಳು ಊರ ತುಂಬ ಓಡಾಡಿ ಚಪ್ಪರ, ಮೆಟ್ಟಿಲು, ಅಟ್ಟ ಎಲ್ಲವನ್ನೂ ಕೆಡವಿದವು. ಹಿಂದಿನ ದಿನದವರೆಗೂ ಆ ಯಂತ್ರಗಳಿಗೆ ಡೀಸೆಲು ಇರಲಿಲ್ಲವೋ ಏನೋ!

ಈ ಬೆಂಕಿಗಳಲ್ಲೆಲ್ಲ ನಮ್ಮ ಕಣ್ಣು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇನ್ನೊಂದು ಸಾವಿನ ಮೇಲೆ. ಕಮಲಾ ಮಿಲ್ಲಿನ ಬೆಂಕಿ ಆರಿ ಹತ್ತು ದಿನ ಕಳೆಯುವುದರೊಳಗೆ, 2018ರ ಜನವರಿ 8ರಂದು, ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರ್ ಮತ್ತು ರೆಸ್ಟೋರೆಂಟಿನಲ್ಲಿ ಬೆಳಗಿನ ಜಾವಕ್ಕೆ ಮುಂಚೆ ಬೆಂಕಿ ಬಿತ್ತು. ಆ ಹೊತ್ತಿನಲ್ಲಿ ಒಳಗೆ ಒಬ್ಬ ಗಿರಾಕಿಯೂ ಇರಲಿಲ್ಲ. ಕುರ್ಚಿಗಳೆಲ್ಲ ಖಾಲಿ. ಆದರೂ 5 ಜನ ಸತ್ತರು. ಅವರು ಅಲ್ಲಿ ಕೆಲಸ ಮಾಡಿ ಅಲ್ಲೇ ಮಲಗುತ್ತಿದ್ದ ನೌಕರರು. ಕಾಗದದ ಮೇಲಿನ ಮಿತಿ 50 ಇರಲಿ, 100 ಇರಲಿ, ಆ ರಾತ್ರಿ ಅವರ ಪಾಲಿಗೆ ಯಾವ ಅಂಕೆ ಕೆಲಸಕ್ಕೆ ಬಂತು? ಮೊನ್ನೆ, 2025ರ ಡಿಸೆಂಬರ್ 6ರ ರಾತ್ರಿ, ಗೋವೆಯ ಅರ್ಪೋರದ ನೈಟ್ ಕ್ಲಬ್ಬಿನಲ್ಲಿ 25 ಜನ ಸತ್ತಾಗಲೂ ಅವರಲ್ಲಿ ಹೆಚ್ಚಿನವರು ಅಲ್ಲಿನ ಕೆಲಸಗಾರರೇ. ಗಿರಾಕಿ ಉಂಡು ಎದ್ದುಹೋಗುತ್ತಾನೆ. ಮಾಣಿ, ಅಡಿಗೆಯವ, ಪಾತ್ರೆ ತೊಳೆಯುವ ಹುಡುಗ ದಿನಕ್ಕೆ ಹನ್ನೆರಡು ಗಂಟೆ ಒಳಗೇ ಇರುತ್ತಾರೆ. ಆದರೆ ಲೈಸೆನ್ಸಿನ ಲೆಕ್ಕ ಶುರುವಾಗುವುದು ಗಿರಾಕಿಯ ಆಸನದಿಂದ, ಮುಗಿಯುವುದೂ ಅಲ್ಲೇ.

ಇನ್ನು ಆ ಅಂಕೆಯ ಕತೆ ಕೇಳಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬುದೊಂದಿದೆ. 1970ರಲ್ಲಿ ಮೊದಲು ಬಂದು, ಆಮೇಲೆ ಹಲವು ಸಲ ತಿದ್ದಿಕೊಂಡು 2016ರಲ್ಲಿ ದಪ್ಪ ಪುಸ್ತಕವಾಗಿದೆ. ಅದರಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಕಟ್ಟಡವನ್ನು ಜನ ನೆರೆಯುವ ಕಟ್ಟಡವೆಂದು ಬೇರೆ ಮಾಡಿದ್ದಾರೆ. ತಲೆಗೆ ಇಷ್ಟು ಚದರ ಮೀಟರು ಜಾಗ, ಇಷ್ಟು ಜನಕ್ಕೆ ಇಷ್ಟು ಅಗಲದ ಬಾಗಿಲು, ಇಷ್ಟು ಅಗಲದ ಮೆಟ್ಟಿಲು ಎಂಬ ಲೆಕ್ಕವೂ ಅದರಲ್ಲಿದೆ. ಪುಸ್ತಕ ಬರೆದ ಇಂಜಿನಿಯರುಗಳ ಮೇಲೆ ನಮಗೆ ಕೋಪವಿಲ್ಲ, ಅವರು ಬಾಗಿಲನ್ನು ಎಣಿಸಿದ್ದಾರೆ. ಕೋಪ ಇರುವುದು ಆ ಪುಸ್ತಕದಿಂದ 50 ಎಂಬ ಅಂಕೆಯೊಂದನ್ನೇ ಕಿತ್ತುಕೊಂಡು, ಬಾಗಿಲಿನ ಪುಟವನ್ನು ಮಡಿಚಿಟ್ಟ ಅಧಿಕಾರಶಾಹಿಯ ಮೇಲೆ. ದಿಲ್ಲಿಯಲ್ಲಿ ಇದು ಗುಟ್ಟೇನೂ ಅಲ್ಲ. 50ಕ್ಕಿಂತ ಕಡಿಮೆ ಆಸನದ ಹೋಟೆಲಿಗೆ ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರ ಬೇಕಿಲ್ಲವೆಂದಾದ ಕೂಡಲೇ ಅರ್ಜಿಗಳಲ್ಲೆಲ್ಲ 48 ಎಂಬ ಅಂಕೆ ಮೂಡತೊಡಗಿತು. 48 ಆಸನ ಎಂದು ಬರೆಸಿದವನು 48 ಜನರನ್ನೇ ಕೂರಿಸುತ್ತಾನೆಂದು ನಂಬಲು ನಾವೇನು ಹಸುಗೂಸುಗಳೇ? ಒಂದೇ ಕಡಿದಾದ ಮೆಟ್ಟಿಲಿನ ಮೂರನೆಯ ಮಾಳಿಗೆಯಲ್ಲಿ 48 ಜನ ಕೂತರೆ ಅದು ಕೊಲೆಗೆ ಸಮ. ಬೀದಿಗೆ ತೆರೆದ ಎರಡು ರೋಲಿಂಗ್ ಷಟರಿನ ನೆಲಮಾಳಿಗೆಯಲ್ಲದ, ನೆಲಮಟ್ಟದ ಹೋಟೆಲಿನಲ್ಲಿ 60 ಜನ ಕೂತರೂ ನಾಲ್ಕು ಹೆಜ್ಜೆಗೆ ರಸ್ತೆ ಸಿಗುತ್ತದೆ. ಕಾಗದಕ್ಕೆ ಮಾತ್ರ ಮೊದಲನೆಯದು ಸಾಧು, ಎರಡನೆಯದು ಅಪರಾಧಿ.

ನಮ್ಮ ಕಡೆಯ ಗಿರಣಿ ಗೇಟಿನೆದುರಿನ ಹೋಟೆಲೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಹೆಂಚಿನ ಮಾಡು, ಆರು ಮೇಜು, ಎರಡು ಉದ್ದ ಬೆಂಚು. ಪಾಳಿ ಬಿಟ್ಟ ಕಾಲುಗಂಟೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ಹೊತ್ತು ನೊಣ ಹೊಡೆಯುತ್ತ ಕೂರಬೇಕು. ಇನ್ಸ್‌ಪೆಕ್ಟರು ಬರುವುದು ಯಾವಾಗ? ಆ ಕಾಲುಗಂಟೆಯಲ್ಲೇ. ಎಣಿಸಿದ, ಬರೆದ, ನೋಟೀಸು ಅಂಟಿಸಿದ. ಅದೇ ಇನ್ಸ್‌ಪೆಕ್ಟರು ಲಗ್ನದ ದಿನ ಪೇಟೆಯ ಕಲ್ಯಾಣ ಮಂಟಪಕ್ಕೆ ಹೋದರೆ ಎಣಿಸುವುದು ಪಂಕ್ತಿಯನ್ನಲ್ಲ, ಎಲೆಯ ಮೇಲಿನ ಹೋಳಿಗೆಯನ್ನು.

ಇಷ್ಟಕ್ಕೇ ಮುಗಿಯಲಿಲ್ಲ. ನೋಟೀಸಿಗೆ ಉತ್ತರ ಬರೆಯಲು ಹೋದರೆ ಯೋಜನಾ ಪ್ರಾಧಿಕಾರದ ಮೇಜಿನ ಮೇಲೆ ಊರಿನ ಮಾಸ್ಟರ್ ಪ್ಲಾನ್ ಹಾಸಿಕೊಂಡಿರುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಬರೆದ ನಕ್ಷೆ. ಹಳದಿ ಬಳಿದ ಬೀದಿ ವಾಸಕ್ಕೆ, ನೀಲಿ ಬಳಿದದ್ದು ವ್ಯಾಪಾರಕ್ಕೆ. ಹೋಟೆಲು ಹಳದಿಯಲ್ಲಿದೆ. ಅಲ್ಲಿ ಹೋಟೆಲು ಹುಟ್ಟಿದ ಮೇಲೆ ಎಷ್ಟೋ ವರ್ಷಕ್ಕೆ ಬಣ್ಣ ಬಂತು ಎಂದರೆ ಕೇಳುವವರಿಲ್ಲ. ಭೂ ಉಪಯೋಗ ಬದಲಾವಣೆಗೆ ಅರ್ಜಿ ಹಾಕು, ಶುಲ್ಕ ಕಟ್ಟು, ನಕ್ಷೆ ಬರೆಸು, ರಸ್ತೆ ಅಗಲವಿಲ್ಲ, ವಾಹನ ನಿಲುಗಡೆ ತೋರಿಸು. ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಬಂದು ಎರಡು ಇಡ್ಲಿ ತಿಂದುಹೋಗುವ ಗಿರಾಕಿಗೆ ಕಾರು ನಿಲ್ಲಿಸುವ ಜಾಗ! ಯಾರ ಕಾರು, ಸ್ವಾಮಿ?

ಈ ಹುಚ್ಚು ನಮ್ಮ ದೇಶದ್ದೊಂದೇ ಅಲ್ಲ. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನಿನಂಥ ಊರಿನಲ್ಲಿ, ಬೀದಿಯ ಸಣ್ಣ ಹೋಟೆಲಿಗೂ ಯೋಜನಾ ಪರವಾನಗಿಯಲ್ಲಿ ಇಂತಿಷ್ಟು ಗಿರಾಕಿಗಳೆಂದು ಷರತ್ತು ಬರೆಯುತ್ತಾರೆ. ಅಲ್ಲಿ ಬಹಳ ವರ್ಷ ನಡೆದ ನಿಯಮದ ಪ್ರಕಾರ ಒಬ್ಬ ಗಿರಾಕಿಗೆ 0.4 ಕಾರಿನ ಜಾಗ ತೋರಿಸಬೇಕಾಗಿತ್ತು. ಅಂದರೆ 50 ಕುರ್ಚಿ ಹಾಕುವವನಿಗೆ 20 ಕಾರಿನ ಜಾಗ. 20 ಕಾರು ನಿಲ್ಲಿಸುವ ಜಾಗವಿದ್ದವನು ಹೋಟೆಲು ಯಾಕೆ ಇಡುತ್ತಾನೆ, ಜಾಗವನ್ನೇ ಮಾರಿ ಹಾಯಾಗಿರುತ್ತಾನೆ. ಹಾಗಾಗಿ ಅಲ್ಲಿನ ಹೋಟೆಲಿನವರು ರಿಯಾಯಿತಿ ಕೇಳುವುದು, ನೆರೆಯವರು ಆಕ್ಷೇಪಿಸುವುದು, ಜಗಳ ನ್ಯಾಯಮಂಡಳಿಗೆ ಹೋಗುವುದು ಇದೆಲ್ಲ ಮಾಮೂಲಾಯಿತು. ಆದರೂ ಅವರಿಂದ ಕಲಿಯುವುದೊಂದಿದೆ. ಅಲ್ಲಿ ಅರ್ಜಿಯ ವಿಷಯ ನೆರೆಹೊರೆಗೆ ತಿಳಿಯುತ್ತದೆ, ಆಕ್ಷೇಪಣೆ ಬರಹದಲ್ಲಿರುತ್ತದೆ, 1998ರಿಂದ ಇರುವ ನ್ಯಾಯಮಂಡಳಿ ಎರಡೂ ಕಡೆ ಕೇಳಿ ಕಾರಣ ಕೊಟ್ಟು ತೀರ್ಪು ಬರೆಯುತ್ತದೆ. ಕಾರಿನ ಲೆಕ್ಕವನ್ನು ಅವರಿಗೇ ಬಿಟ್ಟು, ಈ ಬಹಿರಂಗ ವಿಚಾರಣೆಯನ್ನು ನಾವು ತರಿಸಿಕೊಳ್ಳಬೇಕು. ನಮ್ಮಲ್ಲಿ ವಿಚಾರಣೆ ನಡೆಯುವುದು ಗುಮಾಸ್ತರ ಮೇಜಿನ ಡ್ರಾಯರಿನೊಳಗೆ.

ದೊಡ್ಡವರ ವಿಷಯದಲ್ಲಿ ಸರ್ಕಾರದ ಮನಸ್ಸು ಎಷ್ಟು ಮೃದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ನಮ್ಮ ರಾಜ್ಯದ ಅಕ್ರಮ-ಸಕ್ರಮ ಯೋಜನೆ ಮರೆತಿರಲಾರಿರಿ. ಮನೆಯಾದರೆ ಶೇಕಡಾ 50ರವರೆಗೆ, ವ್ಯಾಪಾರದ ಕಟ್ಟಡವಾದರೆ ಶೇಕಡಾ 25ರವರೆಗೆ ನಿಯಮ ಮುರಿದು ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸರಿಮಾಡುತ್ತೇವೆ ಎಂದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಆ ಮಾತು ಬೇರೆ. ಸರ್ಕಾರದ ಇಚ್ಛೆ ಏನಿತ್ತು ಎಂಬುದನ್ನು ನೋಡಿ. ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚು ಸಿಮೆಂಟು ಸುರಿದವನಿಗೆ ಕ್ಷಮೆ ಸಿಗಬೇಕು. ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚು ಬೆಂಚು ಹಾಕಿದವನಿಗೆ ಬೀಗ ಬೀಳಬೇಕು. ಸಿಮೆಂಟನ್ನು ನಾಳೆ ತೆಗೆಯಲು ಬಾರದು, ಬೆಂಚನ್ನು ಸಂಜೆಗೇ ಎತ್ತಿ ಹಿತ್ತಿಲಿಗೆ ಇಡಬಹುದು.

ಕೊರೋನಾದ ವರ್ಷ ಇದೇ ಅಂಕೆಯ ಆಟ ಇನ್ನೊಂದು ರೂಪದಲ್ಲಿ ಬಂತು. 2020ರ ಜೂನ್ 8ರಿಂದ ಹೋಟೆಲು ತೆರೆಯಬಹುದು, ಆದರೆ ಆಸನದ ಅರ್ಧ ಮಾತ್ರ ಎಂದಿತು ಕೇಂದ್ರದ ಆರೋಗ್ಯ ಇಲಾಖೆ. ರೋಗದ ಕಾಲ, ಮಿತಿ ಬೇಕಾಗಿತ್ತು, ಒಪ್ಪೋಣ. 24 ಆಸನದವನು 12ಕ್ಕೆ ಇಳಿದ. ಕಟ್ಟಡದ ಬಾಡಿಗೆ ಅರ್ಧಕ್ಕೆ ಇಳಿಯಿತೇ? ಕರೆಂಟು ಬಿಲ್ಲಿನ ನಿಗದಿತ ಶುಲ್ಕ ಅರ್ಧವಾಯಿತೇ? ಮಾಣಿಯ ಸಂಬಳ ಮಾತ್ರ ಅರ್ಧವಾಯಿತು, ಎಷ್ಟೋ ಕಡೆ ಪೂರ್ತಿ ಹೋಯಿತು. ನಿಂತು ತಿನ್ನುವ ದರ್ಶಿನಿಯವರಿಗಂತೂ ಅರ್ಧ ಎಂದರೆ ಯಾವುದರ ಅರ್ಧ ಎಂದೇ ತಿಳಿಯಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಜಿಲ್ಲೆ ಜಿಲ್ಲೆಗೂ ಹಬ್ಬಿದ ಈ ದರ್ಶಿನಿಯಲ್ಲಿ ಕುರ್ಚಿಯೇ ಇಲ್ಲ! ಸೊಂಟದೆತ್ತರದ ಕಲ್ಲಿನ ಕಟ್ಟೆ, ಕೈಯಲ್ಲಿ ತಟ್ಟೆ, ಹತ್ತು ನಿಮಿಷಕ್ಕೆ ಜಾಗ ಖಾಲಿ. ಕುರ್ಚಿ ಎಣಿಸುವ ಕಾನೂನಿಗೆ ಅಲ್ಲಿ ಸಿಗುವ ಉತ್ತರ ಸೊನ್ನೆ. ಜನ ಮಾತ್ರ ನೂರು.

ನೆರೆಮನೆಯವರ ಮಾತನ್ನು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಬೆಳಗಿನ 5 ಗಂಟೆಗೆ ರುಬ್ಬುವ ಯಂತ್ರದ ಸದ್ದು, ಚರಂಡಿಗೆ ಬಿಡುವ ಎಣ್ಣೆ ಜಿಡ್ಡಿನ ನೀರು, ಗೇಟಿಗೆ ಅಡ್ಡ ನಿಲ್ಲಿಸಿದ ಬೈಕುಗಳು ಇವೆಲ್ಲ ನಿಜವಾದ ತೊಂದರೆಗಳು. ಆ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ನಮ್ಮ ಗಿರಣಿಯವನೇ ಇರಬಹುದು. ಆದರೆ ಸದ್ದಿಗೆ ಔಷಧಿ ಸದ್ದನ್ನು ತಗ್ಗಿಸುವುದು, ಚರಂಡಿಗೆ ಔಷಧಿ ಜಿಡ್ಡು ಹಿಡಿಯುವ ತೊಟ್ಟಿ. ಇವೆಲ್ಲವನ್ನೂ ಬಿಟ್ಟು ಆಸನದ ಮಿತಿಯನ್ನೇ ಹಿಡಿದು ಜಗ್ಗುವುದು ಯಾಕೆ? ಆಸನ ಕಡಿಮೆಯಾದರೆ ರುಬ್ಬುವ ಯಂತ್ರ ಮೌನ ತಾಳುತ್ತದೆಯೇ? ಎಷ್ಟೋ ಕಡೆ ದೂರಿನ ಒಳಗುಟ್ಟು ಬೇರೆ ಇರುತ್ತದೆ: ಕೂಲಿಯವರು, ಹಮಾಲರು ತಮ್ಮ ಬೀದಿಯಲ್ಲಿ ನಿಂತು ಚಹಾ ಕುಡಿಯುವುದು ಹೊಸದಾಗಿ ಮನೆ ಕಟ್ಟಿದ ಸಾಹುಕಾರರ ಕಣ್ಣಿಗೆ ಹಿಡಿಸುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಆದ್ದರಿಂದ ಯೋಜನಾ ನಿಯಮದ ಕಲಮು ಹುಡುಕುತ್ತಾರೆ.

ಈಗ ಹೋಟೆಲಿನ ಅಣ್ಣಂದಿರಿಗೆ ನಾಲ್ಕು ಮಾತು. ಬೇಸರಪಟ್ಟುಕೊಳ್ಳಬೇಡಿ. ಹಿಂಬಾಗಿಲಿಗೆ ಅಡ್ಡವಾಗಿ ಅಕ್ಕಿಮೂಟೆ ಪೇರಿಸಿಟ್ಟವರು ನೀವೇ. ಗ್ಯಾಸ್ ಸಿಲಿಂಡರುಗಳನ್ನು ಮೆಟ್ಟಿಲ ಕೆಳಗೆ ಸಾಲಾಗಿ ನಿಲ್ಲಿಸಿದವರೂ ನೀವೇ. ಕೆಲಸದ ಹುಡುಗರನ್ನು ಅಟ್ಟದ ಮೇಲೆ ಮಲಗಿಸಿ, ಕಳ್ಳರ ಭಯಕ್ಕೆ ಹೊರಗಿನಿಂದ ಷಟರಿಗೆ ಬೀಗ ಹಾಕಿಕೊಂಡು ಮನೆಗೆ ಹೋಗುವವರು ನಿಮ್ಮಲ್ಲಿ ಇಲ್ಲವೇ? ಬೀದಿಯಲ್ಲಿ ಮಲಗುವುದಕ್ಕಿಂತ ಅಟ್ಟ ಮೇಲು ಎಂದು ನೀವು ಹೇಳಬಹುದು. ಬಾಡಿಗೆ ಉಳಿಯುತ್ತದೆ ಎಂಬುದು ನಿಜವಾದ ಕಾರಣ. ಇನ್ಸ್‌ಪೆಕ್ಟರಿನ ಅನ್ಯಾಯದ ವಿರುದ್ಧ ನಿಮ್ಮ ಜೊತೆ ನಗರಸಭೆಯ ಮೆಟ್ಟಿಲು ಹತ್ತಲು ನಾವು ತಯಾರು. ಆದರೆ ಹತ್ತುವ ಮೊದಲು ಆ ಬೀಗ ತೆಗೆಯಿರಿ. ಒಳಗೆ ಮನುಷ್ಯ ಮಲಗಿರುವಾಗ ಹೊರಗಿನಿಂದ ಬೀಗ ಹಾಕುವ ಹೋಟೆಲಿನ ಪರವಾಗಿ ಒಂದು ಸಾಲನ್ನೂ ಈ ಪುಟದಲ್ಲಿ ಬರೆಯಲಾರೆವು.

ಹಾಗಾದರೆ ಮಿತಿಯನ್ನು ಯಾರು ಗೊತ್ತುಮಾಡಬೇಕು? ಇದಕ್ಕೆ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. 2014ರಲ್ಲಿ ಬಂದ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ನೋಡಿ. ಊರಿನಲ್ಲಿ ಎಷ್ಟು ಗಾಡಿ, ಯಾವ ಜಾಗದಲ್ಲಿ ಎಂಬುದಕ್ಕೆ ಅಲ್ಲೂ ಮಿತಿ ಇದೆ, ಜನಸಂಖ್ಯೆಯ ಶೇಕಡಾ 2.5. ಆದರೆ ಅದನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಚುನಾಯಿತರಾಗಿ ಕೂರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು ಎಂದು ಕಾಯ್ದೆಯೇ ಹೇಳುತ್ತದೆ. ಎಷ್ಟೋ ಊರುಗಳಲ್ಲಿ ಆ ಸಮಿತಿ ಸಭೆಯನ್ನೇ ಸೇರುವುದಿಲ್ಲ ಎಂಬುದು ನಿಜ. ಆದರೂ ತಳ್ಳುಗಾಡಿಯವನಿಗೆ ಕಾಗದದ ಮೇಲಾದರೂ ಸಿಕ್ಕಿದ ಕುರ್ಚಿ, ನಾಲ್ಕು ಗೋಡೆಯ ಹೋಟೆಲಿನವನಿಗೂ ಅದರ ಕೆಲಸಗಾರನಿಗೂ ಯಾಕಿಲ್ಲ? ನೆರೆಯವರು, ಹೋಟೆಲಿನವರು, ಹೋಟೆಲು ಕಾರ್ಮಿಕರು, ಅಗ್ನಿಶಾಮಕ ದಳದವರು ಒಂದೇ ಮೇಜಿನ ಸುತ್ತ ಕೂತು, ಬಾಗಿಲು, ಮೆಟ್ಟಿಲು, ಒಲೆ, ಸಿಲಿಂಡರು ಎಲ್ಲವನ್ನೂ ಕಣ್ಣಾರೆ ನೋಡಿ ಅಂಕೆ ಬರೆಯಲಿ. ಆ ಅಂಕೆಯಲ್ಲಿ ಗಿರಾಕಿಯ ಜೊತೆಗೆ ಒಳಗಿನ ಕೆಲಸಗಾರನ ತಲೆಯೂ ಸೇರಿರಲಿ. ಹೋಟೆಲಿನ ಬಾಗಿಲ ಮೇಲೆ, ಕನ್ನಡದಲ್ಲಿ, ದೂರಕ್ಕೆ ಕಾಣುವ ಅಕ್ಷರದಲ್ಲಿ ಅದನ್ನು ಬರೆಸಲಿ. ಸಣ್ಣ ಹೋಟೆಲಿಗೆ ಈ ತಪಾಸಣೆ ಬಿಟ್ಟಿಯಾಗಿರಲಿ. ಒಂದು ಬಾಗಿಲು ಅಗಲ ಮಾಡಲು ತಗಲುವ ಖರ್ಚಿಗೆ ಸಹಕಾರಿ ಬ್ಯಾಂಕಿನಿಂದ ಸಾಲ ಸಿಗಲಿ. ಕಾರಿನ ಜಾಗದ ಷರತ್ತನ್ನು ಇಂಥ ಹೋಟೆಲುಗಳ ಮಟ್ಟಿಗೆ ತೆಗೆದುಹಾಕಲಿ. ಅಳತೆ ತಾರಾ ಹೋಟೆಲಿಗೂ ಕಲ್ಯಾಣ ಮಂಟಪಕ್ಕೂ ಇದೇ ಟೇಪಿನಲ್ಲಿ ಆಗಲಿ.

ಸರ್ಕಾರ ತಾನಾಗಿ ಇದನ್ನು ಕೊಡುವುದಿಲ್ಲ. ಆದ್ದರಿಂದ ಈಗಲೇ ಕೈಗೆ ಸಿಗುವ ಕೆಲಸ ಮಾಡೋಣ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ, ಊರಿನ ಅತಿ ದೊಡ್ಡ ಹೋಟೆಲುಗಳ ಮತ್ತು ಮಂಟಪಗಳ ಪರವಾನಗಿಯಲ್ಲಿ ಎಷ್ಟು ಜನರ ಮಿತಿ ಇದೆ, ಯಾವಾಗ ತಪಾಸಣೆಯಾಯಿತು, ಯಾರು ಸಹಿ ಮಾಡಿದರು ಎಂದು ನಗರಸಭೆಯನ್ನು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕಾಗುತ್ತದೆ. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ ಹಳದಿ ಬೀದಿಯ ಹೋಟೆಲಿನವರು ಒಬ್ಬೊಬ್ಬರೇ ಹೋಗಬೇಡಿ, ಬೀದಿಯ ಗಿರಾಕಿಗಳ ಸಹಿ ಹಾಕಿಸಿಕೊಂಡು ಒಟ್ಟಾಗಿ ಹೋಗಿ. ಅಲ್ಲಿಯವರೆಗೆ ಒಂದು ಅಳತೆ ಟೇಪು ಹಿಡಿದು ನಿಮ್ಮ ನಿಮ್ಮ ಹೋಟೆಲಿನ ಮುಂಬಾಗಿಲು, ಹಿಂಬಾಗಿಲು, ಮೆಟ್ಟಿಲಿನ ಅಗಲವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅದರ ಕೆಳಗೆ ರಾತ್ರಿ ಒಳಗೆ ಮಲಗುವವರ ಹೆಸರು ಬರೆಯಿರಿ, ಒಬ್ಬರನ್ನೂ ಬಿಡಬೇಡಿ.